ಇದು ಎಷ್ಟು ಗಂಟೆಯ ವಿಮಾನ? ಯುದ್ಧವಿಮಾನದ ಮಾಡೆಲ್ ಮಾಡುವವರಿಗೆ ಗ್ರೌಂಡ್ ಕ್ರೂ ಕಣ್ಣಿನ ಮಾರ್ಗದರ್ಶಿ

ಯುದ್ಧವಿಮಾನದ ಸ್ಕೇಲ್ ಮಾಡೆಲ್ ಮಾಡುವವರು ಬೂದುಬಣ್ಣದ ಒಂದು ಛಾಯೆಗಾಗಿ ವಾರಗಟ್ಟಲೆ ವಾದ ಮಾಡಬಲ್ಲರು. ಆದರೆ ಮಾಡೆಲ್ ಸುಳ್ಳೆನಿಸುವುದು ಹೆಚ್ಚಾಗಿ ಬಣ್ಣದಿಂದಲ್ಲ. ಪೈಲಟ್ ಬೆಲ್ಟ್ ಬಿಗಿದು ಕುಳಿತಿದ್ದಾನೆ, ಆದರೆ ಎಂಜಿನ್ನಿನ ಬಾಯಿಗೆ ಕೆಂಪು ಮುಚ್ಚಳ ಹಾಗೆಯೇ ಇದೆ. ರೆಕ್ಕೆಯ ತುಂಬ ಕ್ಷಿಪಣಿಗಳು, ಹೊಟ್ಟೆಯಲ್ಲಿ ಪ್ಯಾನೆಲ್‌ಗಳೆಲ್ಲ ತೆರೆದಿವೆ. ಒಂದೊಂದು ವಿವರವೂ ಸರಿಯೇ, ಆದರೆ ಅವೆಲ್ಲ ಒಂದೇ ಹೊತ್ತಿನಲ್ಲಿ ಇರಲು ಸಾಧ್ಯವೇ ಇಲ್ಲ.

ನನ್ನ ಸೋದರಮಾವ ವಾಯುಸೇನೆಯ ಗ್ರೌಂಡ್ ಕ್ರೂ, ಅಂದರೆ ವಿಮಾನವನ್ನು ನೆಲದ ಮೇಲೆ ನೋಡಿಕೊಳ್ಳುವ ಸಿಬ್ಬಂದಿ; ವಿಮಾನದ ಮೈಯನ್ನು ನೋಡಿಕೊಳ್ಳುವ ಏರ್‌ಫ್ರೇಮ್ ವಿಭಾಗದ ತಂತ್ರಜ್ಞರಾಗಿದ್ದವರು. ಮಿಗ್-21, ಆಮೇಲೆ ಜಾಗ್ವಾರ್, ಎರಡರ ಸೇವೆಯನ್ನೂ ಮಾಡಿದವರು. ಈಗ ಚಿಕ್ಕಬಳ್ಳಾಪುರದಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಇದ್ದಾರೆ. ಯಾವ ಮಾಡೆಲ್ ತೋರಿಸಿದರೂ ಅವರು ಮೊದಲು ಕೇಳುವುದು ಒಂದೇ: "ಇದು ಎಷ್ಟು ಗಂಟೆಯ ವಿಮಾನವಪ್ಪ?" ಈ ಮಾರ್ಗದರ್ಶಿಯ ಹಂತಗಳೆಲ್ಲ ಆ ಒಂದು ಪ್ರಶ್ನೆಗೆ ಜೋತುಬಿದ್ದಿವೆ.

ಹಂತ 1: ಮೊದಲು ಹೊತ್ತು ಗೊತ್ತುಮಾಡಿ

ಕಿಟ್‌ನ ಪೆಟ್ಟಿಗೆ ತೆರೆದ ದಿನವೇ ತೀರ್ಮಾನಿಸಬೇಕಾದ ಸಂಗತಿಯಿದು, ಅಂಟು ಹಾಕಿದ ಮೇಲಲ್ಲ. ನೆಲದ ಮೇಲಿರುವ ಯುದ್ಧವಿಮಾನ ಸ್ಥೂಲವಾಗಿ ನಾಲ್ಕು ಸ್ಥಿತಿಗಳಲ್ಲಿ ಒಂದರಲ್ಲಿ ಇರುತ್ತದೆ.

ರಾತ್ರಿ ನಿಲ್ಲಿಸಿದ ವಿಮಾನಕ್ಕೆ ಎಲ್ಲ ತೂತುಗಳಿಗೂ ಮುಚ್ಚಳ, ಕ್ಯಾನೊಪಿ (ಪೈಲಟ್ ಕೂರುವ ಜಾಗದ ಗಾಜಿನ ಮುಚ್ಚಳ) ಮುಚ್ಚಿ ಮೇಲೆ ಬಟ್ಟೆಯ ಹೊದಿಕೆ, ಚಕ್ರಗಳಿಗೆ ಉರುಳದಂತೆ ಒತ್ತುಕೊಡುವ ಚಾಕ್, ನೆಲಕ್ಕೆ ಅರ್ತಿಂಗ್ ತಂತಿ. ಏಣಿ ಇರುವುದಿಲ್ಲ, ಸುತ್ತ ಜನವೂ ಇರುವುದಿಲ್ಲ. ಹಾರಾಟಕ್ಕೆ ಸಿದ್ಧವಾಗುತ್ತಿರುವ ವಿಮಾನದ ಕ್ಯಾನೊಪಿ ತೆರೆದಿರುತ್ತದೆ, ಏಣಿ ಬಂದಿರುತ್ತದೆ, ವಿದ್ಯುತ್ ಕೊಡುವ ಟ್ರಾಲಿಯ ಕೇಬಲ್ ಹೊಟ್ಟೆಗೆ ಚುಚ್ಚಿರುತ್ತದೆ, ಮುಚ್ಚಳಗಳು ಒಂದೊಂದಾಗಿ ಕಳಚುತ್ತಿರುತ್ತವೆ, ಸೀಟಿನ ಸೇಫ್ಟಿ ಪಿನ್‌ಗಳು ಮಾತ್ರ ಇನ್ನೂ ಅಲ್ಲೇ ಇರುತ್ತವೆ. ಪೈಲಟ್ ಫಾರ್ಮ್ 700 ಎಂಬ ದಾಖಲೆಗೆ ಸಹಿ ಹಾಕಿ ವಿಮಾನವನ್ನು ವಹಿಸಿಕೊಳ್ಳುವುದು ಈ ಹೊತ್ತಿನಲ್ಲಿಯೇ. ಮೂರನೆಯದು ಎಂಜಿನ್ ಚಾಲೂ ಆದ ಸ್ಥಿತಿ: ಏಣಿಯಿಲ್ಲ, ಪಿನ್ನು ಮುಚ್ಚಳಗಳಿಗೆ ಕಟ್ಟುವ ಕೆಂಪು ಪಟ್ಟಿಗಳು ಶಸ್ತ್ರಗಳ ಮೇಲಲ್ಲದೆ ಬೇರೆಲ್ಲೂ ಇಲ್ಲ, ಎಂಜಿನ್ನು ಗಾಳಿ ಹೀರುವ ಮುಂದಿನ ಬಾಯಿಯ ಹತ್ತಿರ ಒಬ್ಬನೂ ಇಲ್ಲ. ನಾಲ್ಕನೆಯದು ಈಗಷ್ಟೇ ಇಳಿದು ಬಂದ ವಿಮಾನ. ಇಳಿದಾಗ ವೇಗ ತಗ್ಗಿಸುವ ಹಿಂಬದಿಯ ಪ್ಯಾರಾಚೂಟಿನ ಗೂಡು ಖಾಲಿ, ಹೊಟ್ಟೆಯ ಮೇಲೆ ಹಸಿ ಕಲೆಗಳು, ಪಿನ್‌ಗಳು ಮತ್ತೆ ಒಳಹೋಗುತ್ತಿವೆ. ನನ್ನ ಮಟ್ಟಿಗೆ ಮಾಡೆಲ್‌ಗೆ ಅತ್ಯಂತ ರುಚಿಕರವಾದ ಸ್ಥಿತಿ ಇದೇ, ಅತ್ಯಂತ ಕಡಿಮೆ ಜನ ಮಾಡುವುದೂ ಇದನ್ನೇ.

ಆರಿಸಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ಕೆಲಸದ ಮೇಜಿನ ಮುಂದೆ ಅಂಟಿಸಿ. ಮುಂದಿನ ಪ್ರತಿ ನಿರ್ಧಾರವೂ ಆ ಚೀಟಿಯನ್ನು ಕೇಳಿಯೇ ಆಗಬೇಕು.

ಹಂತ 2: ನೋಡುವುದೆಲ್ಲಿ, ಕೇಳುವುದೇನು

ಚಿಕ್ಕಬಳ್ಳಾಪುರದವರಿಗೆ ಒಂದು ಅನುಕೂಲವಿದೆ. ಬಳ್ಳಾರಿ ರಸ್ತೆ ಹಿಡಿದರೆ ದೇವನಹಳ್ಳಿ ದಾಟಿ ಯಲಹಂಕ. ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುವುದು ಅಲ್ಲಿನ ವಾಯುನೆಲೆಯಲ್ಲಿಯೇ. ಪ್ರದರ್ಶನಕ್ಕೆ ನಿಲ್ಲಿಸಿದ ತೇಜಸ್, ಸುಖೋಯ್, ಹಾಕ್ ವಿಮಾನಗಳನ್ನು ಅಷ್ಟು ಹತ್ತಿರದಿಂದ ನೋಡುವ ಅವಕಾಶ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ. ಇಡೀ ವಿಮಾನದ ಫೋಟೋಗಳು ಎಲ್ಲೆಡೆ ಸಿಗುತ್ತವೆ, ಅವನ್ನು ತೆಗೆಯುತ್ತ ಸಮಯ ಕಳೆಯಬೇಡಿ. ಚಕ್ರದ ಕಾಲಿನ ಹಿಂಭಾಗ, ಚಕ್ರದ ಗೂಡಿನ ಒಳಛಾವಣಿ, ಹೊಟ್ಟೆಯ ಕೆಳಗಿನ ಕಲೆಗಳು, ರೆಕ್ಕೆ ಮೈಗೆ ಸೇರುವ ಮೂಲೆ, ಇವನ್ನು ತೆಗೆಯಿರಿ.

ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೂ ಹೋಗಿ. ಮಾರುತ್, ಕಿರಣ್, ಮಿಗ್-21 ಅಲ್ಲಿವೆ. ಆದರೆ ಇಂಥ ಕಡೆ ನಿಂತ ವಿಮಾನಗಳ ವಿಷಯದಲ್ಲಿ ಮಾವನದು ಒಂದು ಕಟ್ಟುನಿಟ್ಟಿನ ಎಚ್ಚರಿಕೆ: ಅವುಗಳ ಆಕಾರ ನಂಬು, ಮೈಬಣ್ಣ ನಂಬಬೇಡ. ಬಿಸಿಲು ಮಳೆಗೆ ನಿಲ್ಲಿಸಿದ ವಿಮಾನಕ್ಕೆ ದಪ್ಪನೆಯ ಬಣ್ಣ ಮತ್ತೆ ಮತ್ತೆ ಬಳಿದಿರುತ್ತಾರೆ, ಸೂಚನಾ ಬರಹಗಳು ಅಳಿದಿರುತ್ತವೆ, ಟೈರು ಕುಸಿದಿರುತ್ತದೆ, ಹಕ್ಕಿ ಗೂಡು ಕಟ್ಟದಂತೆ ಬಾಯಿಗೆ ಜಾಲರಿ ಬಡಿದಿರುತ್ತಾರೆ.

ಕೆಲಸದಲ್ಲಿರುವ ವಾಯುನೆಲೆಯ ಬೇಲಿಯಾಚೆಯಿಂದ ಫೋಟೋ ತೆಗೆಯುವ ಸಾಹಸ ಬೇಡವೇ ಬೇಡ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇಂದಿಗೂ ಜೀವಂತವಾಗಿದೆ. ಸೇವೆಯಲ್ಲಿರುವವರನ್ನು ಪೀಡಿಸುವುದೂ ಬೇಡ. ನಿವೃತ್ತರು ಸಿಕ್ಕರೆ ಅವರನ್ನೂ ಉಪಕರಣ, ಕಾರ್ಯಾಚರಣೆಗಳ ಬಗ್ಗೆ ಕೇಳಬೇಡಿ. "ಯಾವ ಬಣ್ಣ ಸರ್?" ಎಂಬ ಪ್ರಶ್ನೆಯಿಂದಲೂ ಹೆಚ್ಚೇನೂ ಹುಟ್ಟುವುದಿಲ್ಲ. ಮೇಲೆ ಹತ್ತುವಾಗ ಕೈ ಎಲ್ಲಿ ಊರುತ್ತಿದ್ದಿರಿ? ಕಾಲು ಎಲ್ಲಿಡಬಾರದಿತ್ತು? ಬೆಳಗ್ಗೆ ಬಂದ ತಕ್ಷಣ ಬಟ್ಟೆಯಿಂದ ಒರೆಸುತ್ತಿದ್ದದ್ದು ಯಾವ ಭಾಗ? ಯಾವ ಪ್ಯಾನೆಲ್ ತೆರೆಯಲು ಎಲ್ಲರೂ ಗೊಣಗುತ್ತಿದ್ದರು? ಇಂಥ ಪ್ರಶ್ನೆಗೆ ಅವರ ಮುಖ ಅರಳುತ್ತದೆ, ನಿಮಗೆ ಕಲೆಗಳ ನಕ್ಷೆಯೇ ಸಿಗುತ್ತದೆ.

ಹಂತ 3: ಹೈಡ್ರಾಲಿಕ್ ಒತ್ತಡ ಇದೆಯೋ ಇಲ್ಲವೋ

ಎಂಜಿನ್ ನಿಂತ ಮೇಲೆ ಹೈಡ್ರಾಲಿಕ್ ಒತ್ತಡ ನಿಧಾನವಾಗಿ ಇಳಿಯುತ್ತದೆ. ರೆಕ್ಕೆಯ ಅಂಚಿನ ಚಲಿಸುವ ಭಾಗಗಳನ್ನು ಎತ್ತಿ ಹಿಡಿದಿದ್ದ ಬಲವೇ ಹೋಗುವುದರಿಂದ ಹಲವು ವಿಮಾನಗಳಲ್ಲಿ ಅವು ತಮ್ಮ ಭಾರಕ್ಕೆ ತಾವೇ ಕೆಳಗೆ ಜೋಲುತ್ತವೆ. ಮಿರಾಜ್ 2000ದಂಥ ತ್ರಿಕೋನ ರೆಕ್ಕೆಯ ವಿಮಾನದಲ್ಲಿ ಹಿಂದಿನ ಅಂಚಿನ ಎಲೆವಾನ್‌ಗಳು ಹೀಗೆ ಇಳಿಬಿದ್ದಿರುವುದು ಸಾಮಾನ್ಯ ನೋಟ. ಎರಡೂ ಬದಿ ಒಂದೇ ಕೋನದಲ್ಲಿ ಇರಬೇಕೆಂದೇನೂ ಇಲ್ಲ. ಬಾಲದಲ್ಲಿ ಲಂಬವಾಗಿ ನಿಂತ, ವಿಮಾನವನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್‌ಗೆ ಈ ಬಾಧೆಯಿಲ್ಲ, ಅದು ಹೆಚ್ಚುಕಡಿಮೆ ನೇರವಾಗಿಯೇ ಇರುತ್ತದೆ. ಸುಖೋಯ್-30 ಎಂಕೆಐ ಮಾಡುವವರು ಎಂಜಿನ್ನಿನ ಬಿಸಿಗಾಳಿ ಹೊರಬರುವ ಹಿಂದಿನ ನಾಜಲ್‌ಗಳನ್ನೂ ಗಮನಿಸಬೇಕು. ದಿಕ್ಕು ಬದಲಿಸಬಲ್ಲ ಆ ನಾಜಲ್‌ಗಳು ನಿಂತ ವಿಮಾನದಲ್ಲಿ ಕೆಳಕ್ಕೆ ಬಾಗಿರುವುದನ್ನು ಫೋಟೋಗಳಲ್ಲಿ ಕಾಣಬಹುದು. ಎಂಜಿನ್ ಚಾಲೂ ಇರುವ ಮಾಡೆಲ್‌ನಲ್ಲಿ ಇವೆಲ್ಲ ತಮ್ಮ ಸರಿಯಾದ ಜಾಗಕ್ಕೆ ಮರಳಿರಬೇಕು.

ಹೀರುಬಾಗಿಲುಗಳದ್ದು ಇದರ ತಿರುಗುಮುರುಗು ಕಥೆ. ಮಿಗ್-21ರ ಮುಂಭಾಗದ ಪಕ್ಕೆಗಳಲ್ಲಿಯೂ ಜಾಗ್ವಾರ್‌ನ ಗಾಳಿಗೂಡುಗಳ ಬದಿಯಲ್ಲಿಯೂ ಸ್ಪ್ರಿಂಗ್ ಬಲದಿಂದ ಮುಚ್ಚಿಕೊಂಡಿರುವ ಚಿಕ್ಕ ಬಾಗಿಲುಗಳಿವೆ. ನೆಲದ ಮೇಲೆ ಎಂಜಿನ್ ಜೋರಾಗಿ ಗಾಳಿ ಹೀರಿದಾಗ ಅವು ಒಳಕ್ಕೆ ತೆರೆದುಕೊಳ್ಳುತ್ತವೆ, ಎಂಜಿನ್ ನಿಂತರೆ ಮುಚ್ಚುತ್ತವೆ. ಕ್ಯಾನೊಪಿ ತೆರೆದು ಏಣಿ ಹಚ್ಚಿದ ಮಿಗ್‌ನಲ್ಲಿ ಈ ಬಾಗಿಲು ಬಾಯಿಬಿಟ್ಟಿದ್ದರೆ ಹೊತ್ತು ತಪ್ಪಿತು ಎಂದೇ ಅರ್ಥ. ಮಿಗ್-29ರಲ್ಲಿ ನೆಲದ ಮೇಲೆ ಎಂಜಿನ್ ಓಡುವಾಗ ಮುಖ್ಯ ಬಾಯಿ ಮುಚ್ಚಿ, ರೆಕ್ಕೆಯ ಬುಡದ ಮೇಲಿನ ಸೀಳುಗಳಿಂದ ಗಾಳಿ ಒಳಹೋಗುತ್ತದೆ. ರನ್‌ವೇಯ ಕಲ್ಲು, ಕಸ ಎಂಜಿನ್ನಿಗೆ ಹೋಗದಿರಲಿ ಎಂಬ ಉಪಾಯವಿದು. ಸುಖೋಯ್ ಅದೇ ಕೆಲಸಕ್ಕೆ ಗಾಳಿಗೂಡಿನೊಳಗೆ ಜಾಲರಿ ಎತ್ತಿ ನಿಲ್ಲಿಸುತ್ತದೆ. ಟಾರ್ಚ್ ಹಾಕಿ ನೋಡುವ ಪ್ರೇಕ್ಷಕರಿಗಾಗಿ ತೆಳು ಹಿತ್ತಾಳೆ ಜಾಲರಿ ಕತ್ತರಿಸಿ ಹಾಕಿದರೆ ಆ ಶ್ರಮ ವ್ಯರ್ಥವಾಗುವುದಿಲ್ಲ.

ಚಕ್ರದ ಗೂಡಿನ ದೊಡ್ಡ ಬಾಗಿಲುಗಳ ವಿಷಯದಲ್ಲಿ ಕಿಟ್‌ನ ಸೂಚನಾ ಹಾಳೆಯನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಹಲವು ವಿಮಾನಗಳಲ್ಲಿ ಚಕ್ರ ಇಳಿದ ಮೇಲೆ ದೊಡ್ಡ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ, ತಪಾಸಣೆಗೆ ಬೇಕಾದಾಗ ನೆಲದ ಸಿಬ್ಬಂದಿ ಅದನ್ನು ತೆರೆಯುತ್ತಾರೆ. ನಿಮ್ಮ ವಿಮಾನ ಯಾವ ಜಾತಿಯದೆಂದು ಎಂಜಿನ್ ಓಡುತ್ತಿರುವ ಫೋಟೋ ಹಿಡಿದು ಖಚಿತಪಡಿಸಿಕೊಳ್ಳಿ. ಇಳಿಯುವಾಗ ಕೆಳಕ್ಕೆ ಬಾಗಿಸುವ ರೆಕ್ಕೆಯ ಹಿಂದಿನ ಭಾಗ, ಫ್ಲ್ಯಾಪ್ ಕೂಡ ಹಾಗೆಯೇ. ಇಳಿದ ಪೈಲಟ್ ಸಾಮಾನ್ಯವಾಗಿ ಅದನ್ನು ಎತ್ತಿಯೇ ಬರುತ್ತಾನೆ.

ಹಂತ 4: ಚಕ್ರದ ಕಾಲು

ಮಾಡೆಲ್ ಮಾಡುವವರು ಕೊಳೆ ಬಳಿಯಲು ಮೊದಲು ಕೈಹಾಕುವುದು ಚಕ್ರದ ಕಾಲಿಗೆ. ಗ್ರೌಂಡ್ ಕ್ರೂ ಬೆಳಗ್ಗೆ ಮೊದಲು ಒರೆಸುವುದೂ ಅದನ್ನೇ. ಒಲಿಯೋ ಎನ್ನುವ ಮೇಲೆ ಕೆಳಗೆ ಜಾರುವ ಹೊಳಪಿನ ಕೊಳವೆಗೆ ಧೂಳು ಅಂಟಿದರೆ ಅದು ಒಳಗಿನ ಸೀಲನ್ನು ಗೀರಿ ಎಣ್ಣೆ ಸೋರುವಂತೆ ಮಾಡುತ್ತದೆ. ಹಾಗಾಗಿ ಹೈಡ್ರಾಲಿಕ್ ಎಣ್ಣೆ ತೋಯಿಸಿದ ಬಟ್ಟೆಯಿಂದ ಅದನ್ನು ಪ್ರತಿ ಸೇವೆಯಲ್ಲೂ ಒರೆಸುತ್ತಾರೆ. "ಇಡೀ ವಿಮಾನದಲ್ಲಿ ನಾವು ಮುಖ ನೋಡಿಕೊಳ್ಳಬಹುದಾಗಿದ್ದ ಜಾಗ ಅದೊಂದೇ" ಎನ್ನುತ್ತಾರೆ ಮಾವ. ಆದ್ದರಿಂದ ಒಲಿಯೋಗೆ ಕಪ್ಪು ವಾಶ್ (ತೀರಾ ನೀರಾಗಿಸಿದ ಬಣ್ಣ) ಸೋಕಿಸಬೇಡಿ. ಕ್ರೋಮ್ ಬಣ್ಣ, ಇಲ್ಲವೇ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ಗಿಂತ ತೆಳುವಾದ ಚಾಕೊಲೇಟ್ ಹಾಳೆಯನ್ನು ಸುತ್ತಿದರೂ ಸಾಕು. ಕೊಳೆ ಕೂರುವುದು ಅದರ ಮೇಲಿನ ಕೀಲುಗಳಲ್ಲಿ, ಗ್ರೀಸ್ ತುಂಬುವ ಮೊಳೆಗಳ ಸುತ್ತ.

ವಿಮಾನ ಖಾಲಿಯಿದ್ದಾಗ ಆ ಹೊಳಪಿನ ಭಾಗ ಹೆಚ್ಚು ಕಾಣುತ್ತದೆ, ಇಂಧನ ಮತ್ತು ಶಸ್ತ್ರ ತುಂಬಿದಾಗ ಕಾಲು ಕುಸಿದು ಕಡಿಮೆ ಕಾಣುತ್ತದೆ. ಬಹುತೇಕ ಕಿಟ್‌ಗಳು ಒಲಿಯೋವನ್ನು ಪೂರ್ತಿ ಚಾಚಿಕೊಂಡಂತೆ ಕೊಡುತ್ತವೆ. ಬಾಂಬು, ಹೆಚ್ಚುವರಿ ಟ್ಯಾಂಕು ಹೊತ್ತ ಜಾಗ್ವಾರ್ ಮಾಡುವುದಾದರೆ ಒಂದಿಷ್ಟು ಕತ್ತರಿಸಿ ಗಿಡ್ಡ ಮಾಡಲೇಬೇಕು.

ಟೈರು ಭಾರಕ್ಕೆ ಉಬ್ಬುತ್ತದೆ ನಿಜ, ಆದರೆ ಯುದ್ಧವಿಮಾನದ ಟೈರಿನ ಒತ್ತಡ ಕಾರಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಂಗಡಿಯಲ್ಲಿ ಸಿಗುವ ಉಬ್ಬಿದ ರೆಸಿನ್ ಟೈರುಗಳಲ್ಲಿ ಹಲವು ಪಂಕ್ಚರ್ ಆದಂತೆ ಕಾಣುತ್ತವೆ. ಕೆಳಗೆ ಸ್ವಲ್ಪ ಸಮತಟ್ಟಾಗಿ ಉಜ್ಜಿದರೆ ಸಾಕು. ಟೈರು ಮತ್ತು ರಿಮ್ಮು ಸೇರುವಲ್ಲಿ ಎರಡರ ಮೇಲೂ ಹಾಯುವ ಒಂದು ಚಿಕ್ಕ ಬಣ್ಣದ ಗೆರೆ ಹಾಕುವುದನ್ನು ಮರೆಯಬೇಡಿ. ಬ್ರೇಕ್ ಹಾಕಿದಾಗ ಟೈರು ರಿಮ್ಮಿನ ಮೇಲೆ ಜಾರಿದೆಯೇ ಎಂದು ತಿಳಿಯಲು ಇರುವ ಗುರುತು ಅದು: ಗೆರೆ ತುಂಡಾಗಿ ಅತ್ತಿತ್ತ ಸರಿದಿದ್ದರೆ ಟೈರು ಜಾರಿದೆ. ಸೋವಿಯತ್ ವಿಮಾನಗಳ ರಿಮ್ಮು ಹಸಿರು ಎಂಬುದು ಬಹುತೇಕರಿಗೆ ಗೊತ್ತಿದೆ. ಬ್ರೇಕಿನ ಕಪ್ಪು ಪುಡಿ ಆ ಹಸಿರಿನ ಒಳಮೂಲೆಗಳಲ್ಲಿ ಕೂರುತ್ತದೆ ಎಂಬುದನ್ನು ಸೇರಿಸಿಕೊಳ್ಳಿ.

ಬ್ರೇಕಿನ ಎಣ್ಣೆ ಕೊಳವೆಗಳಿಗೆ ದುಬಾರಿ ಸೀಸದ ತಂತಿ ತರಿಸುವ ಅಗತ್ಯವಿಲ್ಲ. ಸಾವಿರ ಅಡಿ ಕೊಳವೆಬಾವಿಗಳ ನಮ್ಮ ಜಿಲ್ಲೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯಿಲ್ಲದ ಊರಿಲ್ಲ. ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ಬೇರೆಬೇರೆ ದಪ್ಪದಲ್ಲಿ ರಾಶಿ ಬಿದ್ದಿರುತ್ತದೆ, ಕೇಳಿದರೆ ಒಂದು ಹಿಡಿ ಕೊಟ್ಟೇ ಕೊಡುತ್ತಾರೆ. ವೇಗ ಅಳೆಯಲು ಮುಂದೆ ಚಾಚಿಕೊಂಡಿರುವ ಪಿಟಾಟ್ ಕೊಳವೆಗೆ ಮೆಡಿಕಲ್ ಸ್ಟೋರಿನ ಇನ್ಸುಲಿನ್ ಸೂಜಿ ಹೇಳಿ ಮಾಡಿಸಿದಂತಿದೆ. ಅರ್ತಿಂಗ್ ತಂತಿಗೆ ಶಿಡ್ಲಘಟ್ಟದ ಕಚ್ಚಾ ರೇಷ್ಮೆಯ ನೂಲು ಬಳಸಿ. ಹತ್ತಿಯ ದಾರದಂತೆ ಅದಕ್ಕೆ ಜುಂಗು ಏಳುವುದಿಲ್ಲ, ಮೇಲಿನ ಸಹಜ ಅಂಟಿನಿಂದಾಗಿ ಬಾಗಿಸಿದ ಆಕಾರವನ್ನೂ ತಕ್ಕಮಟ್ಟಿಗೆ ಹಿಡಿದಿಡುತ್ತದೆ.

ಹಂತ 5: ಮೈಮೇಲಿನ ಕೊಳೆ

ಹೊರಮೈಯ ತುಂಡುಗಳು ಸೇರುವ ಪ್ಯಾನೆಲ್ ಗೆರೆಗಳಿಂದಲೇ ಶುರುಮಾಡೋಣ. ನಿಜಕ್ಕಿಂತ 72 ಪಟ್ಟು ಚಿಕ್ಕದಾದ 1:72 ಮಾಡೆಲ್ ಮೇಲಿನ 0.2 ಮಿ.ಮೀ. ಗೆರೆ ನಿಜವಾದ ವಿಮಾನದಲ್ಲಿ 14.4 ಮಿ.ಮೀ. ಬಿರುಕಾಗುತ್ತದೆ, 1:48ರಲ್ಲಿ 9.6 ಮಿ.ಮೀ. ಕಿರುಬೆರಳು ತೂರುವಷ್ಟು ಬಿರುಕುಗಳ ವಿಮಾನವನ್ನು ಯಾವ ತಂತ್ರಜ್ಞನೂ ಹಾರಲು ಬಿಡುವುದಿಲ್ಲ. ಗೆರೆಯೇ ಅಷ್ಟು ದೊಡ್ಡದಿರುವಾಗ ಅದಕ್ಕೆ ಕಡುಕಪ್ಪು ತುಂಬಿದರೆ ವಿಮಾನ ಅಂಚಿನಲ್ಲಿ ಮಸಿ ಎಳೆದ ರಂಗೋಲಿಯಾಗುತ್ತದೆ.

ಗ್ರೌಂಡ್ ಕ್ರೂ ಕಣ್ಣಿಗೆ ಪ್ಯಾನೆಲ್‌ಗಳು ಎರಡು ಬಗೆ: ದಿನವೂ ತೆರೆಯುವವು, ವರ್ಷಕ್ಕೊಮ್ಮೆ ತೆರೆಯುವವು. ಎಂಜಿನ್ ಎಣ್ಣೆ ನೋಡುವ ಮುಚ್ಚಳ, ಇಂಧನ ತುಂಬುವ ಜಾಗ, ವಿದ್ಯುತ್ ಕೇಬಲ್ ಚುಚ್ಚುವ ಜಾಗ, ಗುಂಡು ತುಂಬುವ ಗೂಡು ಮೊದಲ ಬಗೆಯವು. ಇವುಗಳ ಅಂಚಿನಲ್ಲಿ ಕೈಜಿಡ್ಡು, ಬೆರಳಿನ ಉಜ್ಜು, ಸ್ಕ್ರೂ ತಲೆಗಳ ಮೇಲೆ ಬಣ್ಣ ಹೋದ ಹೊಳಪು. ಹತ್ತಿರದಿಂದ ನೋಡಿದರೆ ಒಂದೆರಡು ಸ್ಕ್ರೂಗಳ ಪಕ್ಕದಲ್ಲಿ ಡ್ರೈವರ್ ಜಾರಿ ಎಳೆದ ಸಣ್ಣ ಬಾಗಿದ ಗೀರು. 1:48ರಲ್ಲಿ ಚೂಪು ಮಾಡಿದ ಬೆಳ್ಳಿ ಪೆನ್ಸಿಲ್‌ನಿಂದ ಅಂಥ ಎರಡು ಗೀರು ಹಾಕಿದರೆ ಸಾಕು, ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಎರಡನೆಯ ಬಗೆಯ ಪ್ಯಾನೆಲ್‌ಗಳಿಗೆ ಮೈಬಣ್ಣಕ್ಕಿಂತ ಒಂದು ಛಾಯೆ ಗಾಢವಾದ ವಾಶ್, ಅಷ್ಟೇ. ಹೀಗೆ ಭೇದ ಮಾಡುವುದರಿಂದ ಮಾಡೆಲ್‌ಗೆ ಬರುವ ಜೀವ ಅಚ್ಚರಿಯದು.

ಮುಂದಿನದು ಕಲೆಯ ದಿಕ್ಕು. ನಿಂತಿದ್ದಾಗ ಸೋರಿದ ಎಣ್ಣೆ ನೇರ ಕೆಳಗಿಳಿಯುತ್ತದೆ, ಹಾರುವಾಗ ಸೋರಿದ್ದು ಗಾಳಿಗೆ ಹಿಂದಕ್ಕೆ ಹರಿಯುತ್ತದೆ. ಹೊಟ್ಟೆಯಡಿ ಇವೆರಡೂ ಒಂದರ ಮೇಲೊಂದು ಇರುತ್ತವೆ. ಆದರೆ ಕಲೆಯನ್ನು ಕಂಡ ಸಿಬ್ಬಂದಿ ಬಟ್ಟೆ ತೆಗೆದುಕೊಂಡು ಒರೆಸದೆ ಬಿಡುತ್ತಾರೆಯೇ? ಸೋರಿಕೆ ಹೊಸದೋ ಹಳೆಯದೋ ಎಂದು ತಿಳಿಯಲಾದರೂ ಒರೆಸಲೇಬೇಕು. ಹಾಗಾಗಿ ಅಚ್ಚುಕಟ್ಟಾದ ಉದ್ದ ಗೆರೆಗಳಿಗಿಂತ ಒರೆಸಿ ಹರಡಿದ ಮಬ್ಬು, ಅದರ ಮೇಲೆ ಒಂದೋ ಎರಡೋ ಹೊಸ ಗೆರೆ, ಇದು ನಿಜಕ್ಕೆ ಹತ್ತಿರ. ಕಲಾವಿದರ ಆಯಿಲ್ ಪೇಂಟಿನ ಚುಕ್ಕೆಯಿಟ್ಟು, ಒಣ ಬ್ರಷ್‌ನಿಂದ ವೃತ್ತಾಕಾರವಾಗಿ ಉಜ್ಜಿದರೆ ಆ ಮಬ್ಬು ಬರುತ್ತದೆ. ಹೈಡ್ರಾಲಿಕ್ ಎಣ್ಣೆ ಕೆಂಪು, ಧೂಳು ಸೇರಿದಾಗ ಕಂದುಗೆಂಪು. ಎಂಜಿನ್ ಎಣ್ಣೆ ಕಪ್ಪುಗಂದು. ಇಂಧನ ಒಣಗಿದ ಜಾಗದಲ್ಲಿ ತೆಳು ಕಂದು ಹೊಳಪು ಉಳಿಯುತ್ತದೆ.

ಮಿಗ್-21ಕ್ಕೆ ಇಂಧನ ತುಂಬುವುದು ಬೆನ್ನಿನ ಮೇಲಿನ ಮುಚ್ಚಳದಿಂದ. ಅಂದರೆ ಒಬ್ಬರು ಮೇಲೆ ಹತ್ತಲೇಬೇಕು, ಪೈಪು ಎಳೆಯಲೇಬೇಕು, ಚೆಲ್ಲಿದ್ದು ಪಕ್ಕೆಗಳ ಮೇಲೆ ಇಳಿಯಲೇಬೇಕು. ರೆಕ್ಕೆಯ ಬುಡದಲ್ಲಿ ಬೂಟಿನ ಮಬ್ಬು, ಬೆನ್ನಿನಿಂದ ಕೆಳಗಿಳಿದ ತೆಳು ಕಲೆ ಈ ಕೆಲಸದ್ದೇ ಗುರುತು. ಕಾಲಿಡಬಾರದೆಂದು ಬರೆದ ಜಾಗದಲ್ಲಿ ಮಾತ್ರ ಬೂಟಿನ ಗುರುತು ಬೇಡ.

ಬಣ್ಣ ಚಕ್ಕೆ ಎದ್ದದ್ದನ್ನು ತೋರಿಸಲು ಬೆಳ್ಳಿ ಬಣ್ಣ ಹಿಡಿದು ಕಂಡಕಂಡಲ್ಲಿ ಚುಕ್ಕೆ ಇಡುವ ಅಭ್ಯಾಸದ ಮೇಲೆ ನನಗೆ ಕೊಂಚ ಸಿಟ್ಟಿದೆ. ಮೂತಿಯ ರೇಡೋಮ್ ಲೋಹದ್ದಲ್ಲ, ರೇಡಾರ್ ತರಂಗ ಅದನ್ನು ಹಾಯಬೇಕು. ಬಾಲದ ತುದಿಯ ಆಂಟೆನಾ ಟೋಪಿಯೂ ಹಾಗೆಯೇ. ಅಲ್ಲಿ ಬೆಳ್ಳಿ ಚಕ್ಕೆ ಏಳುವುದು ಹೇಗೆ? ತೇಜಸ್‌ನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅದರ ಚೌಕಟ್ಟಿನ ತೂಕದಲ್ಲಿ ಸುಮಾರು 45 ಪ್ರತಿಶತ, ಹೊರಮೈಯಲ್ಲಿ ಸುಮಾರು 90 ಪ್ರತಿಶತ ಸಂಯುಕ್ತ ನಾರಿನ ವಸ್ತುಗಳದ್ದು. ತೇಜಸ್‌ನ ರೆಕ್ಕೆಯ ಮೇಲ್ಮೈಯಲ್ಲಿ ಬೆಳ್ಳಿ ಗೀರು ಎಳೆದವರು ವಿಮಾನವನ್ನೇ ನೋಡಿಲ್ಲ. ಲೋಹದ ಮೈಯಲ್ಲೂ ಬಣ್ಣದ ಕೆಳಗೆ ಮೊದಲು ಕಾಣುವುದು ತಳಬಣ್ಣವಾದ ಪ್ರೈಮರ್. ಚಕ್ಕೆ ಎದ್ದ ಜಾಗ ತುಕ್ಕಿಗೆ ದಾರಿಯಾಗುವುದರಿಂದ ಅದನ್ನು ಬೇಗನೆ ಬ್ರಷ್‌ನಿಂದ ತೇಪೆ ಹಾಕುತ್ತಾರೆ, ಡಬ್ಬಿಯ ಹೊಸ ಬಣ್ಣ ಬಿಸಿಲುಂಡ ಹಳೆಯ ಬಣ್ಣಕ್ಕೆ ಕೂಡುವುದಿಲ್ಲ. ಒಂದು ಛಾಯೆ ಗಾಢವಾದ, ಒರಟು ಅಂಚಿನ ತೇಪೆಗಳು ಬೆಳ್ಳಿ ಚುಕ್ಕೆಗಿಂತ ಎಷ್ಟೋ ನಂಬಿಕೆ ಹುಟ್ಟಿಸುತ್ತವೆ.

ಬಣ್ಣದ ಬಗ್ಗೆ ಇಲ್ಲಿನವರಿಗೆ ಒಂದು ಮಾತು. ಮಾರ್ಚ್ ಏಪ್ರಿಲ್‌ನಲ್ಲಿ ನಮ್ಮ ಕಡೆ ಅಕ್ರಿಲಿಕ್ ಬಣ್ಣ ಏರ್‌ಬ್ರಷ್‌ನ ಮೂತಿಯಲ್ಲೇ ಒಣಗಿ ಕೂರುತ್ತದೆ. ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಬೆರೆಸಿ, ಬಿಸಿಲೇರುವ ಮುನ್ನವೇ ಮುಗಿಸಿ, ಸಿಂಪಡಿಸಿದ ತಕ್ಷಣ ರಟ್ಟಿನ ಪೆಟ್ಟಿಗೆ ಮುಚ್ಚಿ.

ಹಂತ 6: ಸುಟ್ಟ ಲೋಹ

ನಾಜಲ್‌ನ ಸುತ್ತ ಲೋಹ ಬಿಸಿಗೆ ಒಣಹುಲ್ಲಿನ ಬಣ್ಣ, ಕಂದು, ನೇರಳೆ, ನೀಲಿ ಎಂದು ಪಟ್ಟೆಪಟ್ಟೆಯಾಗಿ ತಿರುಗುತ್ತದೆ. ಪಾರದರ್ಶಕ ನೀಲಿ, ಕಂದು ಬಣ್ಣಗಳನ್ನು ತೀರಾ ತೆಳುವಾಗಿ ಸಿಂಪಡಿಸಿ. ಮಸಿ ಕಡಿಮೆಯಿರಲಿ, ಹೆಚ್ಚು ಬಲಕ್ಕಾಗಿ ಹಿಂದೆ ಮತ್ತೆ ಇಂಧನ ಸುಡುವ ಆಫ್ಟರ್‌ಬರ್ನರ್‌ನ ಶಾಖದಲ್ಲಿ ಮಸಿ ನಿಲ್ಲುವುದಕ್ಕಿಂತ ಸುಡುವುದೇ ಹೆಚ್ಚು. ಗುಂಡು ಹಾರಿಸಿದ ಬಂದೂಕಿನ ಮುಂದೆ ಮಸಿ ಬರುತ್ತದೆ, ಆದರೆ ಆ ಮಸಿ ಲೋಹವನ್ನು ತಿನ್ನುವುದರಿಂದ ಹೆಚ್ಚು ಹೊತ್ತು ಉಳಿಸುವುದಿಲ್ಲ. ಈಗಷ್ಟೇ ಇಳಿದ ವಿಮಾನವೆಂದು ಚೀಟಿಯಲ್ಲಿ ಬರೆದಿದ್ದರೆ ಮಾತ್ರ ಅದನ್ನು ದಟ್ಟವಾಗಿ ಹಾಕಿ.

ಹಂತ 7: ಕಾಕ್‌ಪಿಟ್ ಮತ್ತು ಕೆಂಪು ಪಟ್ಟಿಗಳು

ಕ್ಯಾನೊಪಿ ತೆರೆಯುವ ದಿಕ್ಕನ್ನು ಮೊದಲು ನೋಡಿ. ನಮ್ಮಲ್ಲಿದ್ದ ಮಿಗ್-21 ಬಿಸ್‌ಗೂ ತೇಜಸ್‌ಗೂ ಅದು ಬಲಕ್ಕೆ ತೆರೆಯುತ್ತದೆ, ಏಣಿ ಎಡಕ್ಕೆ. ಮಿರಾಜ್, ಜಾಗ್ವಾರ್, ಸುಖೋಯ್‌ಗಳಲ್ಲಿ ಹಿಂದೆ ಕೀಲು, ಮೇಲಕ್ಕೆ ಏಳುತ್ತದೆ.

ಅಪಾಯದಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಸೀಟಿಗೆ, ಅವನು ಹೊರಡಲು ಸಿದ್ಧನಾಗುವವರೆಗೆ, ನೆಲದ ಮೇಲೆ ಯಾವಾಗಲೂ ಸೇಫ್ಟಿ ಪಿನ್ ಇರುತ್ತದೆ. ಇದು ಪ್ರಾಣದ ಪ್ರಶ್ನೆ. ಸ್ವಚ್ಛ ಮಾಡಲು ಒಳಗೆ ಬಗ್ಗಿದವನ ತೋಳು ಹ್ಯಾಂಡಲ್‌ಗೆ ಸಿಕ್ಕಿದರೆ ಮುಗಿಯಿತು. ಆದ್ದರಿಂದ ಸೀಟು ಖಾಲಿಯಿದ್ದರೆ ಪಿನ್ ಮತ್ತು ಕೆಂಪು ಪಟ್ಟಿ ಕಾಣಲೇಬೇಕು, ಪೈಲಟ್ ಕುಳಿತು ಹೊರಡಲು ಸಿದ್ಧನಾಗಿದ್ದರೆ ಕಾಣಲೇಬಾರದು. ಶಸ್ತ್ರಗಳ ಪಿನ್‌ಗಳನ್ನು ತೆಗೆಯುವುದು ಇನ್ನೂ ತಡವಾಗಿ, ರನ್‌ವೇಗೆ ಏರುವ ಮುನ್ನ. ಶಾಖ ಹಿಂಬಾಲಿಸುವ ಕ್ಷಿಪಣಿಯ ಗಾಜಿನ ಮೂತಿಗೂ ಅಲ್ಲಿಯವರೆಗೆ ಟೋಪಿಯಿರುತ್ತದೆ. ಜಾಗ್ವಾರ್ ಮಾಡುವವರಿಗೆ ಒಂದು ನೆನಪೋಲೆ: ನಮ್ಮ ಜಾಗ್ವಾರ್‌ಗಳು ಇಂಥ ಕ್ಷಿಪಣಿ ಹೊರುವುದು ರೆಕ್ಕೆಯ ಮೇಲ್ಬದಿಯಲ್ಲಿ, ಕೆಳಗಲ್ಲ.

ಕೆಂಪು ಪಟ್ಟಿ ಸಾಮಾನ್ಯವಾಗಿ ಸುಮಾರು 60 ಸೆಂ.ಮೀ. ಉದ್ದ, ಏಳೆಂಟು ಸೆಂ.ಮೀ. ಅಗಲ. 1:48ರಲ್ಲಿ ಅದು ಸುಮಾರು 12.5 ಮಿ.ಮೀ. ಉದ್ದ, ಒಂದೂವರೆ ಮಿ.ಮೀ. ಅಗಲ, 1:72ರಲ್ಲಿ 8 ಮಿ.ಮೀ. ಉದ್ದ, ಒಂದು ಮಿ.ಮೀ. ಅಗಲ. ತೆಳು ಫಾಯಿಲ್‌ಗೆ ಮಾಸಿದ ಕೆಂಪು ಬಳಿದು ಕತ್ತರಿಸಿ, ಪೆನ್ಸಿಲ್ ಮೇಲೆ ಸುತ್ತಿ ಅಲೆ ಬರಿಸಿ. ಎಲ್ಲ ಪಟ್ಟಿಗಳೂ ಗಾಳಿ ಬೀಸುವ ಒಂದೇ ದಿಕ್ಕಿಗೆ ವಾಲಿರಬೇಕು. ಬಿಸಿಲಿಗೆ ಬಟ್ಟೆ ಬೇಗ ಮಾಸುತ್ತದೆ, ಒಂದೆರಡನ್ನು ಗುಲಾಬಿ ಛಾಯೆಗೆ ಇಳಿಸಿ.

ಹಂತ 8: ಸುತ್ತಲಿನ ನೆಲ

ನೆಲ ಕಾಂಕ್ರೀಟ್ ಹಾಸು, ಹಾಸುಗಳ ನಡುವೆ ಟಾರಿನ ಗೆರೆ. ಎಂಜಿನ್ನಿನ ಕೆಳಗೆ ಎಣ್ಣೆ ಹಿಡಿಯುವ ತಟ್ಟೆ, ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟುಕುವ ದೂರದಲ್ಲಿ. ಕಾಗದ, ಸ್ಕ್ರೂ, ಸಲಕರಣೆಗಳನ್ನು ನೆಲದ ಮೇಲೆ ಚೆಲ್ಲಾಡಬೇಡಿ. ಮಾಡೆಲ್ ಸುತ್ತಲಿನ ದೃಶ್ಯ, ಅಂದರೆ ಡಯೋರಾಮಾ, ತುಂಬಿದಂತೆ ಕಾಣಲಿ ಎಂದು ಹಲವರು ಸ್ಪ್ಯಾನರ್‌ಗಳನ್ನು ಹರಡುತ್ತಾರೆ, ವಿಮಾನ ನಿಲ್ಲುವ ನಿಜವಾದ ಅಂಗಳದಲ್ಲಿ ಒಂದು ನಟ್ಟು ಕಳೆದರೂ ಅದು ಸಿಗುವವರೆಗೆ ಹಾರಾಟ ನಿಲ್ಲಿಸಿ ಹುಡುಕುತ್ತಾರೆ. ಸಲಕರಣೆಗಳು ಪೆಟ್ಟಿಗೆಯಲ್ಲಿರಲಿ, ಪ್ರತಿಯೊಂದೂ ತನ್ನ ಗೂಡಿನಲ್ಲಿ.

ಚಾಕ್ ಟೈರಿಗೆ ತಾಗಿಯೇ ಇರಬೇಕು, ಮುಂದೊಂದು ಹಿಂದೊಂದು, ಎರಡನ್ನೂ ಕೂಡಿಸುವ ಹಗ್ಗದೊಂದಿಗೆ. ಎಂಜಿನ್ ಚಾಲೂ ಇರುವ ದೃಶ್ಯವಾದರೆ ಚಾಕ್ ಎಳೆಯುವವನನ್ನು ರೆಕ್ಕೆಯ ಬದಿಯಿಂದ ಬಾಗಿ ಬರುವಂತೆ ನಿಲ್ಲಿಸಿ. ಗಾಳಿ ಹೀರುವ ಬಾಯಿಯ ಮುಂದೆಯೂ ನಾಜಲ್‌ನ ಹಿಂದೆಯೂ ಒಂದು ಬೊಂಬೆಯೂ ಇರಕೂಡದು. ಸೂಚನೆ ಕೊಡುವವನು ಪೈಲಟ್‌ನ ಕಣ್ಣಿಗೆ ಕಾಣುವಂತೆ ಮುಂದೆ, ಸಾಕಷ್ಟು ದೂರದಲ್ಲಿ, ಕಿವಿಗೆ ಶಬ್ದ ತಡೆಯುವ ಸಾಧನ ಹಾಕಿಕೊಂಡು ನಿಂತಿರಲಿ.